ಹಡಗಿನ ಔಷಧಿ ಪೆಟ್ಟಿಗೆಯಿಂದ ಪ್ರಯಾಣಿಕರ ಕೈಚೀಲದವರೆಗೆ

ಕಡಲ ಪ್ರಯಾಣಕ್ಕೆ ಔಷಧಿ ಕಟ್ಟಿಕೊಂಡು ಹೋಗುವ ರೂಢಿಗೆ ಸಿಕ್ಕಿರುವ ಹಳೆಯ ಸಾಕ್ಷ್ಯಗಳಲ್ಲಿ ಒಂದು ಇಟಲಿಯ ಟಸ್ಕನಿ ಕರಾವಳಿಯ ಬರಾಟ್ಟಿ ಕೊಲ್ಲಿಯದು. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಅಲ್ಲಿ ಮುಳುಗಿದ ವ್ಯಾಪಾರಿ ಹಡಗೊಂದರ ಅವಶೇಷ 1974ರಲ್ಲಿ ಪತ್ತೆಯಾಯಿತು. ಮುಂದೆ ನಡೆದ ಶೋಧದಲ್ಲಿ ವೈದ್ಯನೊಬ್ಬನ ಸಾಮಾನು ಎನ್ನಬಹುದಾದ ವಸ್ತುಗಳು ಸಿಕ್ಕವು: ನೂರಕ್ಕೂ ಹೆಚ್ಚು ಮರದ ಪುಟ್ಟ ಭರಣಿಗಳು, ಮದ್ದು ಅರೆಯುವ ಕಲ್ಲು, ಒಂದು ತವರದ ಡಬ್ಬಿ. ಡಬ್ಬಿಯೊಳಗೆ ಬೂದು ಬಣ್ಣದ ಚಪ್ಪಟೆ ಬಿಲ್ಲೆಗಳಿದ್ದವು. 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಅವುಗಳಲ್ಲಿ ಸತುವಿನ ಸಂಯುಕ್ತಗಳು, ಪಿಷ್ಟ, ಪೈನ್ ಮರದ ರಾಳ ಮತ್ತು ಕೊಬ್ಬಿನ ಅಂಶ ಇದ್ದವು. ಅದು ಕಣ್ಣಿನ ಮದ್ದಾಗಿರಬೇಕು ಎಂಬುದು ಸಂಶೋಧಕರ ಅಭಿಪ್ರಾಯ. ಮುಚ್ಚಳ ಬಿಗಿಯಾಗಿದ್ದ ಡಬ್ಬಿಯಲ್ಲಿ ಆ ಬಿಲ್ಲೆಗಳು ಎರಡು ಸಾವಿರ ವರ್ಷ ನೀರಿನಡಿಯಲ್ಲಿ ಉಳಿದುಕೊಂಡಿದ್ದವು.

ಆ ಕಾಲದಿಂದ ಇಂದಿನವರೆಗೆ, ಕಡಲಲ್ಲಿ ಮದ್ದು ಒಯ್ಯುವವರ ಮುಂದಿರುವ ಪ್ರಶ್ನೆಗಳು ಹೆಚ್ಚು ಬದಲಾಗಿಲ್ಲ. ಎಷ್ಟು ದಿನಕ್ಕೆ ಆಗುವಷ್ಟು ಒಯ್ಯಬೇಕು? ಉಪ್ಪುಗಾಳಿ, ಸೆಕೆ, ತೇವದ ನಡುವೆ ಅದು ಕೆಡದಂತೆ ಇಡುವುದು ಹೇಗೆ? ಯಾವ ಭರಣಿಯಲ್ಲಿ ಏನಿದೆ, ಯಾರಿಗೆ ಎಷ್ಟು ಕೊಡಬೇಕು ಎಂಬುದು ತಿಳಿಯುವುದು ಹೇಗೆ? ಬದಲಾದದ್ದು ಈ ಹೊಣೆಯನ್ನು ಹೊತ್ತವರು. ಹಿಂದೆ ಇಡೀ ಹಡಗಿಗೆ ಒಂದೇ ಪೆಟ್ಟಿಗೆ. ದಾರಿಯಲ್ಲಿ ಬರಬಹುದಾದ ಕಾಯಿಲೆಗೆ ಬೇಕಾದ ಮದ್ದು ಅದರಲ್ಲಿರುತ್ತಿತ್ತು. ಇಂದು ವಿಹಾರ ಹಡಗು ಹತ್ತುವವರಲ್ಲಿ ಅನೇಕರಿಗೆ ಕಾಯಿಲೆ ಮೊದಲೇ ಇರುತ್ತದೆ. ಅದಕ್ಕೆ ದಿನವೂ ಬೇಕಾದ ಮದ್ದನ್ನು ಅವರೇ ಒಯ್ಯುತ್ತಾರೆ. ಹೊಣೆ ಹೀಗೆ ಹಡಗಿನಿಂದ ಪ್ರಯಾಣಿಕರ ಕೈಗೆ ದಾಟಿದ್ದೇ ಈ ಚರಿತ್ರೆಯ ಮುಖ್ಯ ಎಳೆ.

ಅರಬ್ಬೀ ಸಮುದ್ರದ ಅನುಭವ

ಹಡಗಿನಲ್ಲಿ ಆಹಾರಕ್ಕೂ ಮದ್ದಿಗೂ ನಡುವೆ ಬಹುಕಾಲ ಸ್ಪಷ್ಟ ಗೆರೆ ಇರಲಿಲ್ಲ. 14ನೆಯ ಶತಮಾನದಲ್ಲಿ ಭಾರತದ ಪಶ್ಚಿಮ ಕರಾವಳಿಯಲ್ಲಿ ಸಂಚರಿಸಿದ ಮೊರಾಕೊದ ಇಬ್ನ್ ಬತೂತಾ ಹೊನ್ನಾವರವನ್ನೂ ಮಂಗಳೂರನ್ನೂ ಕಂಡಿದ್ದ. ಮಂಗಳೂರಿನಲ್ಲಿ ಮೆಣಸು, ಶುಂಠಿ ಹೇರಳವಾಗಿದ್ದವೆಂದು ಆತ ದಾಖಲಿಸಿದ್ದಾನೆ. ಕಲ್ಲಿಕೋಟೆಯಲ್ಲಿ ಆತ ನೋಡಿದ ಚೀನೀ ಹಡಗುಗಳ ನಾವಿಕರು ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆದುಕೊಳ್ಳುತ್ತಿದ್ದರು. ತಾಜಾ ಸೊಪ್ಪಿನಲ್ಲಿ ಸ್ಕರ್ವಿ ರೋಗವನ್ನು ತಡೆಯುವ ಸತ್ವವಿದೆ. ಶುಂಠಿಯನ್ನು ವಾಕರಿಕೆಗೆ ಮದ್ದಾಗಿ ಇಂದಿಗೂ ಬಳಸುತ್ತಾರೆ.

ಇಂಥ ಏರ್ಪಾಡಿಲ್ಲದ ಹಡಗುಗಳ ಗತಿ ಏನಾಗುತ್ತಿತ್ತು ಎಂಬುದಕ್ಕೆ ಇದೇ ಸಮುದ್ರದಲ್ಲಿ ಉದಾಹರಣೆ ಇದೆ. ಪೋರ್ಚುಗಲ್ಲಿನ ವಾಸ್ಕೊ ಡ ಗಾಮ 1498ರ ಅಕ್ಟೋಬರ್ ಆರಂಭದಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪದಿಂದ ಆಫ್ರಿಕದತ್ತ ಮರುಪ್ರಯಾಣ ಹೊರಟ. ಗಾಳಿ ಅನುಕೂಲವಾಗಿರಲಿಲ್ಲ. ಸಮುದ್ರ ದಾಟಲು ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು. ಸ್ಕರ್ವಿಯಿಂದ ನಾವಿಕರ ಒಸಡು ಊದಿಕೊಂಡು ಹಲ್ಲಿನ ಮೇಲೆ ಬೆಳೆಯಿತು, ಕಾಲು ಬಾತುಕೊಂಡಿತು. ಆ ದಾರಿಯಲ್ಲೇ 30 ಮಂದಿ ಸತ್ತರು. ಹಡಗು ನಡೆಸುವ ಶಕ್ತಿ ಉಳಿದಿದ್ದವರು ಒಂದೊಂದು ಹಡಗಿನಲ್ಲಿ ಏಳೆಂಟು ಜನ. 1499ರ ಜನವರಿಯಲ್ಲಿ ಮಾಲಿಂದಿ ತಲುಪಿದಾಗ ರೋಗಿಗಳು ಕೇಳಿದ್ದು ಕಿತ್ತಳೆ ಹಣ್ಣು. ಮೂರು ಹಡಗು ನಡೆಸುವಷ್ಟು ಜನ ಉಳಿಯದ ಕಾರಣ ಅವುಗಳಲ್ಲಿ ಒಂದಾದ ಸಾವೊ ರಫಾಯೆಲ್ ಅನ್ನು ಸುಟ್ಟುಹಾಕಬೇಕಾಯಿತು. ಪ್ರಯಾಣ ಎಣಿಸಿದ್ದಕ್ಕಿಂತ ಲಂಬಿಸಿದಾಗ ದಾಸ್ತಾನು ಸಾಲದೆ ಬರುವ ಆಪತ್ತು ಕಡಲ ವೈದ್ಯಕೀಯದಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಶಸ್ತ್ರವೈದ್ಯನ ಪೆಟ್ಟಿಗೆ

ಯುರೋಪಿನ ಹಲವು ಯುದ್ಧನೌಕೆಗಳಲ್ಲಿ ಮದ್ದಿನ ಪೆಟ್ಟಿಗೆ ಹಡಗಿನದಾಗಿರಲಿಲ್ಲ, ಶಸ್ತ್ರವೈದ್ಯನ ಸ್ವಂತದ್ದಾಗಿರುತ್ತಿತ್ತು. 1545ರ ಜುಲೈ 19ರಂದು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಮುಳುಗಿದ ಮೇರಿ ರೋಸ್ ನೌಕೆಯ ಅವಶೇಷವನ್ನು 1982ರಲ್ಲಿ ಮೇಲೆತ್ತಲಾಯಿತು. ಅದರ ಶೋಧದಲ್ಲಿ ಸಿಕ್ಕ ವಸ್ತುಗಳಲ್ಲಿ ಕ್ಷೌರಿಕ-ಶಸ್ತ್ರವೈದ್ಯನೊಬ್ಬನ ಪೆಟ್ಟಿಗೆಯೂ ಇತ್ತು. ಅದರಲ್ಲಿ ಉಪಕರಣಗಳ ಹಿಡಿಗಳು, ಸೀಸೆಗಳು, ಮುಲಾಮು ತುಂಬಿದ ಮರದ ಭರಣಿಗಳು ಇದ್ದವು. ಮುಲಾಮಿನಲ್ಲಿ ಬೆರಳಿನ ಗುರುತು ಕೂಡ ಉಳಿದಿತ್ತು.

1601ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೊದಲ ನೌಕಾಯಾತ್ರೆ ಜೇಮ್ಸ್ ಲ್ಯಾಂಕಾಸ್ಟರನ ನಾಯಕತ್ವದಲ್ಲಿ ಹೊರಟಿತು. ತನ್ನ ಹಡಗು ರೆಡ್ ಡ್ರ್ಯಾಗನ್‌ಗೆ ಆತ ನಿಂಬೆರಸದ ಸೀಸೆಗಳನ್ನು ತುಂಬಿಸಿಕೊಂಡಿದ್ದ. ಪ್ರತಿದಿನ ಬೆಳಿಗ್ಗೆ ಒಬ್ಬೊಬ್ಬರಿಗೆ ಮೂರು ಚಮಚ ಕೊಡಿಸಿದ. ದಕ್ಷಿಣ ಆಫ್ರಿಕದ ತುದಿಯನ್ನು ಮುಟ್ಟುವ ಹೊತ್ತಿಗೆ ಜೊತೆಯಲ್ಲಿದ್ದ ಮೂರು ಹಡಗುಗಳ ನಾವಿಕರು ಸ್ಕರ್ವಿಯಿಂದ ಸೊರಗಿ, ಲಂಗರು ಹಾಕುವುದಕ್ಕೂ ರೆಡ್ ಡ್ರ್ಯಾಗನ್ನಿನ ಜನರ ಸಹಾಯ ಬೇಕಾಯಿತು.

ಈ ಅನುಭವಕ್ಕೆ ಪುಸ್ತಕದ ರೂಪ ಕೊಟ್ಟವನು ಜಾನ್ ವುಡಾಲ್. 1613ರಲ್ಲಿ ಕಂಪನಿಯ ಮುಖ್ಯ ಶಸ್ತ್ರವೈದ್ಯನಾದ ಆತನ ಕೆಲಸಗಳಲ್ಲಿ ಹಡಗುಗಳಿಗೆ ಮದ್ದಿನ ಪೆಟ್ಟಿಗೆ ಸಿದ್ಧಪಡಿಸುವುದೂ ಒಂದು. 1617ರಲ್ಲಿ ಪ್ರಕಟವಾದ ಆತನ ‘ದಿ ಸರ್ಜನ್ಸ್ ಮೇಟ್’ ಹಡಗೇರುವ ಎಳೆಯ ವೈದ್ಯರಿಗಾಗಿ ಬರೆದದ್ದು. ಪೆಟ್ಟಿಗೆಯಲ್ಲಿ ಯಾವ ಉಪಕರಣಗಳಿರಬೇಕು, ಯಾವ ಮುಲಾಮು, ಎಣ್ಣೆ, ಪುಡಿ, ಬೇರುಗಳಿರಬೇಕು, ಒಂದೊಂದರ ಗುಣವೇನು, ಯಾವಾಗ ಬಳಸಬೇಕು ಎಂಬುದನ್ನೆಲ್ಲ ಅದು ವಿವರಿಸುತ್ತದೆ. ಸ್ಕರ್ವಿಗೆ ನಿಂಬೆರಸ ಉತ್ತಮ ಎಂದು ವುಡಾಲ್ ಅದರಲ್ಲಿ ಹೇಳಿದ್ದಾನೆ. ಮದ್ದು ತುಂಬಿದರೆ ಸಾಲದು, ಅದನ್ನು ಬಳಸುವ ತಿಳಿವಳಿಕೆಯೂ ಪೆಟ್ಟಿಗೆಯ ಜೊತೆಗೇ ಹೋಗಬೇಕು ಎಂಬ ಕ್ರಮ ಈ ಪುಸ್ತಕದಿಂದ ಗಟ್ಟಿಯಾಯಿತು. ಮುಂದಿನ ಹಲವು ಹಡಗು ವೈದ್ಯಕೀಯ ಕೈಪಿಡಿಗಳು ಇದೇ ದಾರಿಯಲ್ಲಿ ಬಂದವು.

ಆದರೂ ನಿಂಬೆರಸ ಬ್ರಿಟಿಷ್ ನೌಕಾಪಡೆಯ ನಿಯಮವಾಗಲು ಇನ್ನೂ ಸುಮಾರು 180 ವರ್ಷ ಬೇಕಾಯಿತು. 1747ರ ಮೇ ತಿಂಗಳಲ್ಲಿ ಸಾಲಿಸ್‌ಬರಿ ನೌಕೆಯಲ್ಲಿದ್ದ ಶಸ್ತ್ರವೈದ್ಯ ಜೇಮ್ಸ್ ಲಿಂಡ್ 12 ಮಂದಿ ಸ್ಕರ್ವಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಎಲ್ಲರಿಗೂ ಒಂದೇ ಬಗೆಯ ಊಟ. ಮದ್ದು ಮಾತ್ರ ಜೋಡಿಗೊಂದರಂತೆ ಬೇರೆ. ಸೇಬಿನ ಮದ್ಯ, ಗಂಧಕಾಮ್ಲದ ದ್ರವ, ವಿನೆಗರ್, ಸಮುದ್ರದ ನೀರು, ಬೆಳ್ಳುಳ್ಳಿ ಮತ್ತು ಸಾಸಿವೆ ಸೇರಿದ ಲೇಹ್ಯ ಇವು ಐದು ಜೋಡಿಗಳಿಗೆ. ಆರನೆಯ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಹಣ್ಣು ತಿಂದ ಇಬ್ಬರು ಆರು ದಿನಗಳಲ್ಲಿ ಗಮನಾರ್ಹವಾಗಿ ಚೇತರಿಸಿಕೊಂಡರು. ಒಂದೇ ಸ್ಥಿತಿಯಲ್ಲಿರುವ ರೋಗಿಗಳಿಗೆ ಬೇರೆ ಬೇರೆ ಮದ್ದು ಕೊಟ್ಟು ಹೋಲಿಸಿ ನೋಡಿದ ಆರಂಭದ ಪ್ರಯೋಗಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ.

ಲಿಂಡ್ ಸೋತದ್ದು ಮದ್ದನ್ನು ಕಾಪಿಡುವ ವಿಷಯದಲ್ಲಿ. ಹಣ್ಣು ತಿಂಗಳುಗಟ್ಟಲೆ ಉಳಿಯದ ಕಾರಣ ರಸವನ್ನು ಕಾಯಿಸಿ ಗಟ್ಟಿ ಮಾಡಿ ಸೀಸೆಗೆ ತುಂಬಲು ಆತ ಸಲಹೆ ಕೊಟ್ಟ. ಕಾಯಿಸುವಾಗ ರಸದ ಮುಖ್ಯ ಸತ್ವವೇ ಬಹುಪಾಲು ನಾಶವಾಗುತ್ತಿತ್ತು. ಕಾಯಿಸದ ರಸದ ಪ್ರಯೋಜನವನ್ನು ತೋರಿಸಿದ್ದು ಭಾರತಕ್ಕೆ ಬಂದ ಒಂದು ನೌಕೆ. 1794ರಲ್ಲಿ ಸಫೊಕ್ ಎಂಬ ಯುದ್ಧನೌಕೆ ಎಲ್ಲೂ ದಡ ಮುಟ್ಟದೆ 23 ವಾರ ಪ್ರಯಾಣ ಮಾಡಿ ಮದ್ರಾಸಿಗೆ ಬಂತು. ಪ್ರತಿಯೊಬ್ಬ ನಾವಿಕನಿಗೂ ದಿನಕ್ಕೆ ಸುಮಾರು 20 ಮಿಲಿಲೀಟರ್ ನಿಂಬೆರಸವನ್ನು ರಮ್ ಬೆರೆಸಿದ ಪಾನೀಯದಲ್ಲಿ ಕೊಡಲಾಗಿತ್ತು. ಸ್ಕರ್ವಿಯಿಂದ ಒಬ್ಬನೂ ಸಾಯಲಿಲ್ಲ. ಗಿಲ್ಬರ್ಟ್ ಬ್ಲೇನ್ ಮುಂತಾದ ವೈದ್ಯರ ಒತ್ತಾಯವೂ ಸೇರಿ 1795ರಲ್ಲಿ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಅಧಿಕೃತವಾಗಿ ಒಪ್ಪಿಕೊಂಡಿತು.

ಪಾಠ ಒಮ್ಮೆ ಕಲಿತರೂ ಮರೆಯುವ ಅಪಾಯವಿತ್ತು. 19ನೆಯ ಶತಮಾನದ ನಡುವಿನಲ್ಲಿ ಮೆಡಿಟರೇನಿಯನ್ ದೇಶಗಳ ದೊಡ್ಡ ನಿಂಬೆಯ ಬದಲು ವೆಸ್ಟ್ ಇಂಡೀಸಿನ ಸಣ್ಣ ಹುಳಿನಿಂಬೆಯ ರಸ ಬಳಕೆಗೆ ಬಂತು. ಅದರಲ್ಲಿ ಸತ್ವ ಕಡಿಮೆ. 1875ರಲ್ಲಿ ಜಾರ್ಜ್ ನೇರ್ಸ್ ನಾಯಕತ್ವದಲ್ಲಿ ಹೊರಟ ಬ್ರಿಟಿಷ್ ಆರ್ಕ್ಟಿಕ್ ಯಾತ್ರೆಯಲ್ಲಿ ಈ ರಸವಿದ್ದೂ ಸ್ಕರ್ವಿ ಕಾಣಿಸಿಕೊಂಡಿತು. ಸೀಸೆಯ ಮೇಲಿನ ಹೆಸರು ಹಳೆಯದೇ ಆಗಿತ್ತು, ಒಳಗಿನ ವಸ್ತು ಬೇರೆಯಾಗಿತ್ತು. ಈ ಗೊಂದಲ ಪೂರ್ತಿ ತಿಳಿಯಾದದ್ದು 1930ರ ದಶಕದಲ್ಲಿ ವಿಟಮಿನ್ ಸಿ ಯಾವುದೆಂದು ಖಚಿತವಾದ ಮೇಲೆ.

ಕಾನೂನು ಮತ್ತು ಮಹಾಗನಿ ಪೆಟ್ಟಿಗೆ

ಯುದ್ಧನೌಕೆಯಲ್ಲಿ ವೈದ್ಯನಿರುತ್ತಿದ್ದ, ಸಣ್ಣ ವ್ಯಾಪಾರಿ ಹಡಗಿನಲ್ಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಅಲ್ಲಿ ಮದ್ದು ಕೊಡುವ ಕೆಲಸ ಕಪ್ತಾನನ ಪಾಲಿಗೆ ಬಂತು. ಈ ಪರಿಸ್ಥಿತಿಗಾಗಿ ಅಮೆರಿಕ ಸಂಯುಕ್ತ ಸಂಸ್ಥಾನ 1790ರ ಜುಲೈ 20ರಂದು ಮಾಡಿದ ನಾವಿಕರ ಕಾಯಿದೆಯಲ್ಲಿ ಒಂದು ಸ್ಪಷ್ಟ ಕಲಮು ಸೇರಿಸಿತು. 150 ಟನ್ ಅಥವಾ ಅದಕ್ಕಿಂತ ದೊಡ್ಡದಾಗಿದ್ದು, ಹತ್ತು ಅಥವಾ ಹೆಚ್ಚು ಮಂದಿ ಇರುವ, ಹೊರದೇಶಕ್ಕೆ ಹೋಗುವ ಪ್ರತಿಯೊಂದು ಹಡಗಿನಲ್ಲೂ ಔಷಧಿ ಪೆಟ್ಟಿಗೆ ಇರಬೇಕು. ಅದನ್ನು ಹೆಸರುವಾಸಿಯಾದ ಔಷಧಿ ತಯಾರಕನೇ ತುಂಬಿರಬೇಕು. ಬಳಸುವ ವಿಧಾನ ಬರೆದಿಟ್ಟಿರಬೇಕು. ವರ್ಷಕ್ಕೊಮ್ಮೆ ಪರೀಕ್ಷಿಸಿ ಹಳತನ್ನು ತೆಗೆದು ಹೊಸ ಮದ್ದು ತುಂಬಬೇಕು. ಪೆಟ್ಟಿಗೆ ಇಲ್ಲದಿದ್ದರೆ ನಾವಿಕರ ಚಿಕಿತ್ಸೆಯ ಖರ್ಚನ್ನೆಲ್ಲ ಕಪ್ತಾನನೇ ಕೊಡಬೇಕು. ಗುಣಮಟ್ಟ, ವಿವರದ ಬರಹ, ಕೆಟ್ಟ ಮದ್ದಿನ ಬದಲಾವಣೆ ಇವೆಲ್ಲವೂ ಎರಡು ಶತಮಾನಗಳ ಹಿಂದಿನ ಈ ಒಂದೇ ಕಲಮಿನಲ್ಲಿವೆ.

ಬ್ರಿಟನ್ನಿನಲ್ಲಿ 1867ರ ವ್ಯಾಪಾರಿ ನೌಕಾ ಕಾಯಿದೆ ನಿಂಬೆರಸದ ಗುಣಮಟ್ಟವನ್ನೂ ಹಡಗಿನಲ್ಲಿರಬೇಕಾದ ಔಷಧಿಗಳ ಪಟ್ಟಿಯನ್ನೂ ಬಿಗಿಗೊಳಿಸಿತು. ಮರುವರ್ಷ ಹ್ಯಾರಿ ಲೀಚ್ ಎಂಬ ವೈದ್ಯ ‘ದಿ ಶಿಪ್ ಕ್ಯಾಪ್ಟನ್ಸ್ ಮೆಡಿಕಲ್ ಗೈಡ್’ ಹೊರತಂದ. ವೈದ್ಯನಲ್ಲದ ಕಪ್ತಾನ ಓದಿ, ಲಕ್ಷಣ ಗುರುತಿಸಿ, ಮದ್ದು ಕೊಡಲು ಬರೆದ ಈ ಕೈಪಿಡಿ ಪರಿಷ್ಕಾರಗೊಳ್ಳುತ್ತ ಇಂದಿಗೂ ಬಳಕೆಯಲ್ಲಿದೆ.

ಆ ಕಾಲದ ಪೆಟ್ಟಿಗೆಗಳು ಹಲವು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಒಳ್ಳೆಯ ಪೆಟ್ಟಿಗೆಯನ್ನು ಮಹಾಗನಿ ಮರದಲ್ಲಿ ಮಾಡಿ ಹಿತ್ತಾಳೆಯ ಹಿಡಿ, ಬೀಗ ಹಾಕುತ್ತಿದ್ದರು. ಹಡಗು ಓಲಾಡಿದಾಗ ಸೀಸೆಗಳು ಒಂದಕ್ಕೊಂದು ತಗುಲದಂತೆ ಪ್ರತಿಯೊಂದಕ್ಕೂ ಅಳತೆಗೆ ಸರಿಯಾದ ಮನೆ. ಗಾಜಿನ ಬಿರಡೆಯನ್ನು ಸೀಸೆಯ ಬಾಯಿಗೆ ಉಜ್ಜಿ ಕೂರಿಸಿರುತ್ತಿದ್ದರು. ಕೆಳಗಿನ ಖಾನೆಯಲ್ಲಿ ಪುಟ್ಟ ತಕ್ಕಡಿ, ತೂಕದ ಬಟ್ಟು, ಕುಟ್ಟುವ ಕಲ್ಲು, ಗುಳಿಗೆ ಉರುಳಿಸುವ ಹಲಗೆ, ಗಾಯಕ್ಕೆ ಕಟ್ಟುವ ಬಟ್ಟೆ. ವಿಷದ ಮದ್ದುಗಳಿಗೆ ಕೆಲವು ಪೆಟ್ಟಿಗೆಗಳ ಹಿಂಬದಿಯಲ್ಲಿ ಗುಪ್ತ ಖಾನೆ ಇರುತ್ತಿತ್ತು. ನೋವಿಗೂ ಭೇದಿಗೂ ಅಫೀಮಿನ ಟಿಂಚರ್, ಹೊಟ್ಟೆ ಶುದ್ಧಿಗೆ ಪಾದರಸದಿಂದ ಮಾಡಿದ ಕ್ಯಾಲೊಮೆಲ್ ಮತ್ತು ರೇವಾಚಿನ್ನಿ, ವಾಂತಿ ಮಾಡಿಸಲು ಇಪೆಕಾಕ್, ಜ್ವರಕ್ಕೆ ಸಿಂಕೋನಾ ತೊಗಟೆ, ಜೊತೆಗೆ ಕರ್ಪೂರ, ಪುದೀನದ ಅರ್ಕ ಸಾಮಾನ್ಯವಾಗಿ ಸಿಗುತ್ತಿದ್ದ ಮದ್ದುಗಳು. ಇವುಗಳಲ್ಲಿ ಹಲವು ಹಿತಕ್ಕಿಂತ ಹೆಚ್ಚು ಹಾನಿ ಮಾಡುವಂಥವು. ಕ್ಯಾಲೊಮೆಲ್ ಎಷ್ಟೋ ಜನರ ಹಲ್ಲು ಉದುರಿಸಿದೆ.

ಲ್ಯಾಟಿನ್ ಹೆಸರು ಓದಲಾಗದ ಕಪ್ತಾನರಿಗಾಗಿ ಸೀಸೆಗಳ ಮೇಲೆ ಸಂಖ್ಯೆ ಬರೆಯುವ ಪದ್ಧತಿಯೂ ಇತ್ತು. ಪುಸ್ತಕದಲ್ಲಿ ರೋಗದ ಮುಂದೆ ಸಂಖ್ಯೆ, ಪೆಟ್ಟಿಗೆಯಲ್ಲಿ ಅದೇ ಸಂಖ್ಯೆಯ ಸೀಸೆ. ಒಂಬತ್ತನೆಯ ಸೀಸೆ ಬರಿದಾದಾಗ ಕಪ್ತಾನನೊಬ್ಬ ನಾಲ್ಕು ಮತ್ತು ಐದನೆಯ ಸೀಸೆಗಳ ಮದ್ದು ಬೆರೆಸಿ ಕೊಟ್ಟ ಎಂಬ ಕಥೆ ನಾವಿಕರಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. ಹೆಸರು ಮರೆಯಾಗಿ ಸಂಖ್ಯೆ ಮಾತ್ರ ಉಳಿದರೆ ಆಗುವ ಅಪಾಯವನ್ನು ಆ ಕಥೆ ನೆನಪಿಸುತ್ತದೆ.

ತೊಗಟೆಯಿಂದ ಮಾತ್ರೆಗೆ

19ನೆಯ ಶತಮಾನದಲ್ಲಿ ಪೆಟ್ಟಿಗೆಯನ್ನು ಸಣ್ಣದಾಗಿಸಿದ್ದು ಎರಡು ಬೆಳವಣಿಗೆಗಳು. ಮೊದಲನೆಯದು ಗಿಡಮೂಲಿಕೆಯ ಸಾರವನ್ನು ಬೇರ್ಪಡಿಸುವ ವಿದ್ಯೆ. 1820ರಲ್ಲಿ ಪ್ಯಾರಿಸ್‌ನಲ್ಲಿ ಪೆಲೆಟಿಯೆ ಮತ್ತು ಕ್ಯಾವಂಟೂ ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. ಅಲ್ಲಿಯವರೆಗೆ ತೊಗಟೆಯ ಪುಡಿಯನ್ನು ಚಮಚಗಟ್ಟಲೆ ನುಂಗಬೇಕಿತ್ತು. ತೊಗಟೆಯಿಂದ ತೊಗಟೆಗೆ ಅದರ ಬಲವೂ ಬೇರೆ. ಕ್ವಿನೈನನ್ನು ನಿಖರವಾಗಿ ತೂಗಿ ಕೊಡಬಹುದಾಯಿತು. 1854ರಲ್ಲಿ ವಿಲಿಯಂ ಬೈಕಿ ಪ್ಲೆಯಡ್ ಎಂಬ ಉಗಿಹಡಗಿನಲ್ಲಿ ಆಫ್ರಿಕದ ನೈಜರ್ ನದಿಯಲ್ಲಿ ಸಾಗಿದಾಗ ಜ್ವರ ಬರುವ ಮೊದಲೇ ಎಲ್ಲರಿಗೂ ದಿನವೂ ಕ್ವಿನೈನ್ ಕೊಡಿಸಿದ. ಹಿಂದಿನ ಯಾತ್ರೆಗಳಲ್ಲಿ ಮಲೇರಿಯಾ ಭಾರೀ ಬಲಿ ತೆಗೆದುಕೊಂಡಿತ್ತು; ಈ ಬಾರಿ ಜ್ವರದಿಂದ ಒಬ್ಬ ಯುರೋಪಿಯನ್ನನೂ ಸಾಯಲಿಲ್ಲ. ಆರೋಗ್ಯವಾಗಿರುವವರು ಪ್ರಯಾಣದುದ್ದಕ್ಕೂ ದಿನ ತಪ್ಪದೆ ಮದ್ದು ತೆಗೆದುಕೊಳ್ಳುವ ಪದ್ಧತಿ ಇದರಿಂದ ಬೇರೂರಿತು. ಭಾರತದಲ್ಲಿ 1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನಾ ತೋಟಗಳು ಎದ್ದವು. 1890ರ ದಶಕದಿಂದ ಬಂಗಾಳದ ಅಂಚೆ ಕಚೇರಿಗಳಲ್ಲಿ ಕ್ವಿನೈನಿನ ಪುಟ್ಟ ಪೊಟ್ಟಣಗಳು ಪೈಸೆಗೊಂದರಂತೆ ಸಿಗುತ್ತಿದ್ದವು.

ಎರಡನೆಯದು ಒತ್ತಿ ಮಾಡಿದ ಮಾತ್ರೆ. 1843ರಲ್ಲಿ ವಿಲಿಯಂ ಬ್ರಾಕೆಡನ್ ಪುಡಿಯನ್ನು ಅಚ್ಚಿನಲ್ಲಿಟ್ಟು ಒತ್ತಿ ಬಿಲ್ಲೆ ಮಾಡುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಸೈಲಸ್ ಬರೋಸ್ ಮತ್ತು ಹೆನ್ರಿ ವೆಲ್ಕಂ 1880ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಕಂಪನಿ 1884ರಲ್ಲಿ ಇಂಥ ಮಾತ್ರೆಗಳಿಗೆ ಟ್ಯಾಬ್ಲಾಯ್ಡ್ ಎಂಬ ಹೆಸರನ್ನು ನೋಂದಾಯಿಸಿತು. ಹೆನ್ರಿ ಸ್ಟ್ಯಾನ್ಲಿಯ ಆಫ್ರಿಕ ಯಾತ್ರೆ ಸೇರಿದಂತೆ ಅನೇಕ ಸಾಹಸಯಾತ್ರೆಗಳಿಗೆ ಆ ಕಂಪನಿ ಔಷಧಿ ಪೆಟ್ಟಿಗೆ ಒದಗಿಸಿತು. ತಕ್ಕಡಿ, ಕುಟ್ಟುವ ಕಲ್ಲು, ಗುಳಿಗೆ ಹಲಗೆ ಇನ್ನು ಬೇಕಿರಲಿಲ್ಲ. ಒಂದೊಂದು ಮಾತ್ರೆಯಲ್ಲೂ ಅಳೆದಿಟ್ಟ ಪ್ರಮಾಣವಿದ್ದ ಕಾರಣ ಎಣಿಸಲು ಬಂದವರೆಲ್ಲ ಮದ್ದು ಕೊಡಬಹುದಾಗಿತ್ತು. ಮಾತ್ರೆ ಬಂದ ಮೇಲೆ ಪೆಟ್ಟಿಗೆ ಪ್ರಯಾಣಿಕರ ಜೇಬಿನಷ್ಟು ಸಣ್ಣದಾಯಿತು. ಮದ್ದು ಒಬ್ಬೊಬ್ಬರ ಸ್ವಂತ ಸಾಮಾನಾಗಲು ದಾರಿ ತೆರೆಯಿತು.

ವಿಹಾರ ಹಡಗು, ಕಡಲಬೇನೆ ಮತ್ತು ರೇಡಿಯೊ

1891ರ ಜನವರಿಯಲ್ಲಿ ಜರ್ಮನಿಯ ಕುಕ್ಸ್‌ಹಾಫನ್ ಬಂದರಿನಿಂದ ಆಗಸ್ಟಾ ವಿಕ್ಟೋರಿಯಾ ಹಡಗು 241 ಪ್ರಯಾಣಿಕರನ್ನು ಹೊತ್ತು ಮೆಡಿಟರೇನಿಯನ್ ವಿಹಾರಕ್ಕೆ ಹೊರಟಿತು. ಚಳಿಗಾಲದಲ್ಲಿ ಖಾಲಿ ನಿಲ್ಲುತ್ತಿದ್ದ ಹಡಗನ್ನು ವಿಹಾರಕ್ಕೆ ಬಳಸುವ ಯೋಚನೆ ಹ್ಯಾಂಬರ್ಗಿನ ಆಲ್ಬರ್ಟ್ ಬಾಲಿನ್‌ನದು. ಊರು ಸೇರುವ ಉದ್ದೇಶವಿಲ್ಲದೆ ಹಡಗಿನ ವಾಸಕ್ಕಾಗಿಯೇ ಹೊರಡುವ ಇಂದಿನ ಪ್ರವಾಸದ ಮೊದಲ ಮಾದರಿಗಳಲ್ಲಿ ಇದೂ ಒಂದು. ಇಂಥ ಪ್ರಯಾಣಿಕರ ಮೊದಲ ಚಿಂತೆ ಕಡಲಬೇನೆ.

ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ದೋಣಿಗಳಲ್ಲಿ ದಡಕ್ಕಿಳಿಸುವಾಗ ಬ್ರಿಟಿಷರು ಉಮ್ಮತ್ತಿಯ ವರ್ಗದ ಸಸ್ಯಗಳಿಂದ ಬರುವ ಹಯೊಸಿನ್ ಮಾತ್ರೆ ಬಳಸಿದರು. 1947ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಲೆಸ್ಲಿ ಗೇ ಮತ್ತು ಪಾಲ್ ಕಾರ್ಲಿನರ್ ಚರ್ಮದ ದದ್ದಿಗಾಗಿ ಡೈಮೆನ್‌ಹೈಡ್ರಿನೇಟ್ ಎಂಬ ಹೊಸ ಮದ್ದನ್ನು ಪರೀಕ್ಷಿಸುತ್ತಿದ್ದರು. ಅದನ್ನು ತೆಗೆದುಕೊಂಡ ಮಹಿಳೆಯೊಬ್ಬರಿಗೆ ಟ್ರಾಮಿನಲ್ಲಿ ಕೂತಾಗ ಬರುತ್ತಿದ್ದ ಹೊಟ್ಟೆ ತೊಳಸುವಿಕೆ ನಿಂತಿತು. 1948ರ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ಜರ್ಮನಿಗೆ ಹೊರಟ ಜನರಲ್ ಬಾಲೂ ಎಂಬ ಸೈನಿಕರ ಹಡಗಿನಲ್ಲಿ ಇದರ ದೊಡ್ಡ ಪ್ರಯೋಗ ನಡೆದು ಯಶಸ್ವಿಯಾಯಿತು. ಡ್ರಮಮೈನ್ ಎಂಬ ಹೆಸರಿನಲ್ಲಿ ಅದು ಪ್ರಯಾಣಿಕರ ಕೈಗೆ ಬಂತು. 1980ರ ಸುಮಾರಿಗೆ ಕಿವಿಯ ಹಿಂದೆ ಅಂಟಿಸಿಕೊಳ್ಳುವ ಹಯೊಸಿನ್ ಪಟ್ಟಿಯೂ ಸೇರಿತು.

ಇದೇ ಅವಧಿಯಲ್ಲಿ ಹಡಗಿನ ಪೆಟ್ಟಿಗೆಗೆ ದಡದ ವೈದ್ಯರ ಸಂಪರ್ಕ ಸಿಕ್ಕಿತು. 1935ರಲ್ಲಿ ರೋಮಿನಲ್ಲಿ ವೈದ್ಯ ಗ್ವೀಡೊ ಗ್ವೀಡಾ ಹಡಗುಗಳಿಗೆ ರೇಡಿಯೊ ಮೂಲಕ ವೈದ್ಯಕೀಯ ಸಲಹೆ ಕೊಡುವ ಅಂತರರಾಷ್ಟ್ರೀಯ ಕೇಂದ್ರವನ್ನು ಕಟ್ಟಿದ. ಗುಲ್ಯೆಲ್ಮೊ ಮಾರ್ಕೋನಿ ಅದರ ಮೊದಲ ಅಧ್ಯಕ್ಷ. ಸಲಹೆ ಕೊಡುವ ವೈದ್ಯರಿಗೆ ಹಡಗಿನಲ್ಲಿ ಯಾವ ಮದ್ದಿದೆ ಎಂದು ಮೊದಲೇ ಗೊತ್ತಿರಬೇಕು. ಆದ್ದರಿಂದ ಎಲ್ಲ ದೇಶಗಳ ಪೆಟ್ಟಿಗೆಗಳೂ ಒಂದೇ ತೆರನಾಗಿರುವ ಅಗತ್ಯ ಬಂತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1958ರಲ್ಲಿ ಹಡಗುಗಳ ಔಷಧಿ ಪೆಟ್ಟಿಗೆಯ ಬಗ್ಗೆ ಶಿಫಾರಸು ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಹಡಗು ವೈದ್ಯಕೀಯ ಕೈಪಿಡಿ 1967ರಲ್ಲಿ ಬಂತು. 2006ರ ಕಡಲ ಕಾರ್ಮಿಕ ಒಡಂಬಡಿಕೆ 2013ರಲ್ಲಿ ಜಾರಿಗೆ ಬಂದು, ಪೆಟ್ಟಿಗೆ, ಉಪಕರಣ, ಕೈಪಿಡಿ ಮೂರನ್ನೂ ಕಡ್ಡಾಯ ಮಾಡಿತು.

ವೈದ್ಯರ ಚೀಟಿ

ಪ್ರಯಾಣಿಕರ ಚೀಲವನ್ನು ಪೂರ್ತಿ ಬದಲಿಸಿದ್ದು ದಿನನಿತ್ಯದ ಔಷಧಿಗಳು. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿ ರೋಗಿಗೆ ಇನ್ಸುಲಿನ್ ಕೊಟ್ಟ ಮೇಲೆ ಸಕ್ಕರೆ ಕಾಯಿಲೆ ತೀವ್ರವಾಗಿದ್ದವರೂ ಬದುಕಿ ಊರೂರು ತಿರುಗುವುದು ಸಾಧ್ಯವಾಯಿತು. 1950ರ ದಶಕದ ಕೊನೆಯಲ್ಲಿ ರಕ್ತದೊತ್ತಡಕ್ಕೆ ಕ್ಲೋರೊಥೈಯಾಜೈಡ್ ಮಾತ್ರೆ ಬಂತು. ಹೃದಯ, ಥೈರಾಯ್ಡ್, ಅಪಸ್ಮಾರ, ಉಬ್ಬಸದ ಮದ್ದುಗಳೂ ಬೆಳೆದವು. ಹಿಂದಾಗಿದ್ದರೆ ಮನೆಯಲ್ಲೇ ಉಳಿಯಬೇಕಿದ್ದ ಹಿರಿಯರು ಹಡಗು ಹತ್ತಿದರು. ಅದೇ ಹೊತ್ತಿಗೆ ಜೆಟ್ ವಿಮಾನಗಳಿಂದ ಪ್ರಯಾಣಿಕರನ್ನು ಕಳೆದುಕೊಂಡ ಹಡಗು ಕಂಪನಿಗಳು ವಿಹಾರದತ್ತ ತಿರುಗಿದವು. 1960ರ ದಶಕದ ಕೊನೆಯಲ್ಲಿ ಮಯಾಮಿ ಅದರ ಕೇಂದ್ರವಾಗತೊಡಗಿತು.

ಈ ಮದ್ದುಗಳು ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವಂಥವಲ್ಲ. ಭಾರತದಲ್ಲಿ 1940ರ ಔಷಧಿ ಕಾಯಿದೆ ಮತ್ತು 1945ರ ನಿಯಮಗಳ ಚೌಕಟ್ಟಿನಲ್ಲಿ, ಅಮೆರಿಕದಲ್ಲಿ 1951ರ ಡರ್ಹಮ್-ಹಂಫ್ರಿ ತಿದ್ದುಪಡಿಯಲ್ಲಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳು ಪ್ರತ್ಯೇಕ ವರ್ಗವಾದವು. ಒಂದು ದೇಶದ ವೈದ್ಯರ ಚೀಟಿ ಇನ್ನೊಂದು ದೇಶದ ಅಂಗಡಿಯಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ದಾರಿಯಲ್ಲಿ ಮುಗಿದರೆ ಕೊಂಡರಾಯಿತು ಎಂಬ ಅನುಕೂಲ ಹೀಗೆ ತಪ್ಪಿತು.

ಹೆಸರಿನ ಸಮಸ್ಯೆಯೂ ಹೊಸ ರೂಪದಲ್ಲಿ ಬಂತು. ಒಂದೇ ಮದ್ದು ದೇಶಕ್ಕೊಂದು ವ್ಯಾಪಾರಿ ಹೆಸರಿನಲ್ಲಿ ಮಾರಾಟವಾಗುತ್ತದೆ. ಇದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ ಔಷಧಿಗಳಿಗೆ ಅಂತರರಾಷ್ಟ್ರೀಯ ಮೂಲನಾಮ ಕೊಡುವ ಕೆಲಸ ಕೈಗೊಂಡು 1953ರಲ್ಲಿ ಮೊದಲ ಪಟ್ಟಿ ಹೊರಡಿಸಿತು. ಆದರೂ ಕೆಲವು ಭೇದ ಉಳಿದಿವೆ: ಭಾರತದ ಪ್ಯಾರಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೊಫೆನ್, ಇಲ್ಲಿನ ಸಾಲ್‌ಬ್ಯುಟಮಾಲ್ ಅಲ್ಲಿ ಆಲ್‌ಬ್ಯುಟೆರಾಲ್. ಚೀಟಿಯಲ್ಲಿ ಬ್ರಾಂಡ್ ಹೆಸರಿನ ಜೊತೆಗೆ ಮೂಲನಾಮವನ್ನೂ ಪ್ರಮಾಣವನ್ನೂ ಬರೆಸಿಕೊಳ್ಳುವಂತೆ ಪ್ರಯಾಣಿಕರಿಗೆ ಹೇಳುವುದು ಇದೇ ಕಾರಣಕ್ಕೆ.

ಗಡಿಯ ಕಾನೂನು

ಹಳೆಯ ಪೆಟ್ಟಿಗೆಯ ಅಫೀಮನ್ನು ಬಂದರುಗಳಲ್ಲಿ ಸಾಮಾನ್ಯವಾಗಿ ಪ್ರಶ್ನಿಸುತ್ತಿರಲಿಲ್ಲ. 1912ರ ಹೇಗ್ ಅಫೀಮು ಒಪ್ಪಂದದಿಂದ ಆ ಸ್ಥಿತಿ ಬದಲಾಗುತ್ತ ಬಂತು. 1961ರ ಮಾದಕ ವಸ್ತುಗಳ ಒಡಂಬಡಿಕೆಯ 32ನೆಯ ವಿಧಿ ಹಡಗು, ವಿಮಾನಗಳ ಪ್ರಥಮ ಚಿಕಿತ್ಸೆಗೆ ಬೇಕಾದ ಮಿತ ಪ್ರಮಾಣದ ಮದ್ದನ್ನು ಆಮದು-ರಫ್ತು ಎಂದು ಎಣಿಸಬಾರದೆಂದು ಹೇಳಿತು. ಮನಸ್ಸಿನ ಮೇಲೆ ಪರಿಣಾಮ ಬೀರುವ ಔಷಧಿಗಳ 1971ರ ಒಡಂಬಡಿಕೆ, ಪ್ರಯಾಣಿಕರು ಸ್ವಂತ ಬಳಕೆಗೆ ಸಣ್ಣ ಪ್ರಮಾಣವನ್ನು ಒಯ್ಯಲು ದೇಶಗಳು ಅವಕಾಶ ಕೊಡಬಹುದು ಎಂದಿತು. ಅದು ನ್ಯಾಯವಾಗಿ ಪಡೆದದ್ದೇ ಎಂದು ಖಚಿತಪಡಿಸಿಕೊಳ್ಳುವ ಹಕ್ಕನ್ನೂ ದೇಶಗಳಿಗೆ ಉಳಿಸಿತು. ಆ ಹಕ್ಕಿನ ಬಳಕೆ ದೇಶದಿಂದ ದೇಶಕ್ಕೆ ಬೇರೆ. ಯುರೋಪಿನ ಷೆಂಗೆನ್ ದೇಶಗಳ ನಡುವೆ ಇಂಥ ಮದ್ದಿಗೆ 30 ದಿನಗಳ ಮಿತಿಯ ಪ್ರಮಾಣಪತ್ರವಿದೆ. ಅಮೆರಿಕದಲ್ಲಿ ವೈದ್ಯರು ಬರೆದುಕೊಡುವ ಆ್ಯಂಫೆಟಮಿನ್ ಮಾತ್ರೆ ಜಪಾನಿನಲ್ಲಿ ನಿಷಿದ್ಧ. ಸಿಂಗಪುರ, ಸಂಯುಕ್ತ ಅರಬ್ ಎಮಿರೇಟ್ಸ್‌ಗಳಲ್ಲಿ ಕೆಲವು ನೋವಿನ ಮಾತ್ರೆ, ನಿದ್ರೆ ಮಾತ್ರೆಗಳಿಗೆ ಮುಂಚಿತ ಅನುಮತಿ ಬೇಕು. ಭಾರತವೂ 2018ರಲ್ಲಿ ಟ್ರಾಮಡಾಲ್ ಎಂಬ ನೋವಿನ ಔಷಧಿಯನ್ನು ಮಾದಕ ಔಷಧಿ ಕಾಯಿದೆಯ ವ್ಯಾಪ್ತಿಗೆ ತಂದಿತು. ವಿಹಾರ ಹಡಗು ಒಂದು ವಾರದಲ್ಲಿ ನಾಲ್ಕೈದು ದೇಶಗಳ ಬಂದರು ಮುಟ್ಟಬಹುದು. ಪ್ರತಿ ಬಂದರಿನಲ್ಲೂ ಆಯಾ ದೇಶದ ನಿಯಮ ಅನ್ವಯವಾಗುತ್ತದೆ.

ಇಂದಿನ ಪದ್ಧತಿ

ಮಂಗಳೂರಿನ ಪಣಂಬೂರಿನಲ್ಲಿರುವ ಹೊಸ ಬಂದರಿಗೆ ಬರುವ ವಿದೇಶಿ ವಿಹಾರ ಹಡಗಾಗಲಿ, ಬೆಂಗಳೂರಿನಿಂದ ವಿಮಾನದಲ್ಲಿ ಹೋಗಿ ಸಿಂಗಪುರದಲ್ಲಿ ಹತ್ತುವ ಹಡಗಾಗಲಿ, ಮದ್ದು ಒಯ್ಯುವ ಕ್ರಮ ಬಹುಮಟ್ಟಿಗೆ ಒಂದೇ. ದೊಡ್ಡ ಲಗೇಜನ್ನು ಬಂದರಿನಲ್ಲಿ ಒಪ್ಪಿಸಿದರೆ ಅದು ಕೋಣೆಗೆ ಬರಲು ಹಲವು ಗಂಟೆ ಬೇಕು. ಇಳಿಯುವ ಹಿಂದಿನ ರಾತ್ರಿಯೂ ಅದನ್ನು ಕೋಣೆಯ ಹೊರಗಿಡಬೇಕಾಗುತ್ತದೆ. ಹಾಗಾಗಿ ಮದ್ದು ಸದಾ ಕೈಚೀಲದಲ್ಲಿರಬೇಕು. ಅದರ ಜೊತೆಗೆ ಚೀಟಿಯ ನಕಲು, ಮದ್ದುಗಳ ಪಟ್ಟಿ, ನಿಯಂತ್ರಿತ ಔಷಧಿ ಇದ್ದರೆ ವೈದ್ಯರ ಪತ್ರ. ಎಣಿಸಿದ ದಿನಗಳಿಗಿಂತ ಹೆಚ್ಚಿನ ದಿನಗಳಿಗೆ ಆಗುವಷ್ಟು ಮದ್ದು.

ವಾರದ ಏಳು ಮನೆಗಳ ಡಬ್ಬಿಯಲ್ಲಿ ಮಾತ್ರೆ ಹಂಚಿಟ್ಟುಕೊಂಡರೆ ಮರೆಯುವುದಿಲ್ಲ. ಆದರೆ ಸುಂಕದ ಅಧಿಕಾರಿಗೆ ಹೆಸರಿಲ್ಲದ ಮಾತ್ರೆ ಅನುಮಾನದ ವಸ್ತು. ಅದಕ್ಕೆ ಮೂಲ ಪ್ಯಾಕೆಟ್ಟನ್ನೂ ಜೊತೆಗೆ ಒಯ್ಯುವುದು ರೂಢಿ. ಭಾರತದ ಮೆಡಿಕಲ್ ಅಂಗಡಿಗಳಲ್ಲಿ ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಸಿ ಕೊಡುವಾಗ ಹೆಸರು, ಅವಧಿಯ ದಿನಾಂಕವಿರುವ ಭಾಗ ತಪ್ಪಿಹೋಗುವುದುಂಟು. ಪ್ರಯಾಣಕ್ಕೆ ಪೂರ್ತಿ ಸ್ಟ್ರಿಪ್ ಕೊಳ್ಳುವುದು ಒಳ್ಳೆಯದು. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಆದರೆ ಹೆಪ್ಪುಗಟ್ಟಬಾರದು. ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೊಗ್ಲಿಸರಿನ್ ಮಾತ್ರೆಯ ಸತ್ವ ಆವಿಯಾಗಿ ಹೋಗುವುದರಿಂದ ಅದನ್ನು ಮೂಲ ಗಾಜಿನ ಸೀಸೆಯಿಂದ ಬೇರೆ ಡಬ್ಬಿಗೆ ಹಾಕಬಾರದು.

ದೊಡ್ಡ ವಿಹಾರ ಹಡಗುಗಳಲ್ಲಿ ವೈದ್ಯರು, ದಾದಿಯರು, ಸಣ್ಣ ಆಸ್ಪತ್ರೆ ಇರುತ್ತವೆ. ಅಮೆರಿಕದ ತುರ್ತು ಚಿಕಿತ್ಸಾ ವೈದ್ಯರ ಸಂಘಟನೆ 1990ರ ದಶಕದಲ್ಲಿ ಇದಕ್ಕೆ ಮಾರ್ಗಸೂಚಿ ರೂಪಿಸಿತು. ಆದರೆ ಆ ಆಸ್ಪತ್ರೆಯ ದಾಸ್ತಾನು ತುರ್ತಿಗೆ, ಹಠಾತ್ ಕಾಯಿಲೆಗೆ ಇರುವಂಥದು. ಸಾವಿರಾರು ಪ್ರಯಾಣಿಕರ ಬೇರೆ ಬೇರೆ ದಿನನಿತ್ಯದ ಮದ್ದುಗಳನ್ನೆಲ್ಲ ಅಲ್ಲಿ ಇಟ್ಟಿರಲು ಸಾಧ್ಯವಿಲ್ಲ.

2020ರ ಫೆಬ್ರವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿ ಇದು ಎಲ್ಲರಿಗೂ ಮನವರಿಕೆಯಾಯಿತು. ಜನವರಿ 20ರಂದು ಯೊಕೊಹಾಮಾದಿಂದ ಹೊರಟು ಫೆಬ್ರವರಿ 4ಕ್ಕೆ ಪ್ರವಾಸ ಮುಗಿಸಬೇಕಿದ್ದ ಆ ಹಡಗಿನಲ್ಲಿ ಕೋವಿಡ್ ಕಾಣಿಸಿಕೊಂಡಿತು. 138 ಭಾರತೀಯರೂ ಸೇರಿ 3,711 ಮಂದಿ ಅದರಲ್ಲಿದ್ದರು. ಪ್ರಯಾಣಿಕರಲ್ಲಿ ಬಹಳಷ್ಟು ಮಂದಿ ವಯಸ್ಸಾದವರು. ಪ್ರಯಾಣಿಕರಿಗೆ ಎರಡು ವಾರ ಕೋಣೆವಾಸ ವಿಧಿಸಲಾಯಿತು. ಎಣಿಸಿದಷ್ಟೇ ಮದ್ದು ತಂದಿದ್ದವರ ದಾಸ್ತಾನು ಬೇಗ ಮುಗಿಯಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ಮದ್ದುಗಳಿಗಾಗಿ ಬಂದ ಬೇಡಿಕೆಗಳನ್ನು ಜಪಾನಿನ ಔಷಧ ತಜ್ಞರು ಒಂದೊಂದಾಗಿ ಓದಿ, ವಿದೇಶಿ ಬ್ರಾಂಡ್ ಹೆಸರುಗಳಿಗೆ ಸಮನಾದ ಜಪಾನೀ ಔಷಧಿ ಹುಡುಕಿ ಕೋಣೆಗಳಿಗೆ ತಲುಪಿಸಬೇಕಾಯಿತು. ಮೂಲನಾಮ, ಪ್ರಮಾಣ ಸ್ಪಷ್ಟವಾಗಿದ್ದಷ್ಟೂ ಆ ಕೆಲಸ ಸುಲಭವಾಗುತ್ತಿತ್ತು.

ಇಂದು ಹಡಗಿನ ಪೆಟ್ಟಿಗೆ ಮತ್ತು ಪ್ರಯಾಣಿಕರ ಕೈಚೀಲ ಜೊತೆಜೊತೆಗೆ ಸಾಗುತ್ತವೆ. ಅಂತರರಾಷ್ಟ್ರೀಯ ನಿಯಮದಂತೆ ತುಂಬಿ, ಕಾಲಕಾಲಕ್ಕೆ ತಪಾಸಣೆಗೆ ಒಳಗಾಗುವ ಪೆಟ್ಟಿಗೆ ಆಕಸ್ಮಿಕಕ್ಕೆ. ದಿನದ ಮದ್ದನ್ನು ಹೆಚ್ಚುವರಿ ದಿನಗಳ ಲೆಕ್ಕ ಹಿಡಿದು, ಕೆಡದ ಹಾಗೆ, ಹೆಸರು ಅಳಿಯದ ಹಾಗೆ, ಗಡಿಯ ಕಾನೂನಿಗೆ ಒಪ್ಪುವ ಕಾಗದಗಳೊಡನೆ ಒಯ್ಯುವ ಹೊಣೆ ಪ್ರಯಾಣಿಕರದು.